ಹೃದಯಾಘಾತದ ನಂತರ ಹೃದಯಕ್ಕೆ ಜೆಲ್ ಇಂಜೆಕ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳಿದವರ ಮಕ್ಕಳು, ಅಳಿಯಂದಿರು, ಕೆಲವೊಮ್ಮೆ ರೋಗಿಗಳೇ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಆಳಂದದವರಿರಲಿ, ಶಹಾಪುರದವರಿರಲಿ, ಹುಮನಾಬಾದಿನವರಿರಲಿ, ಕೇಳುವುದು ಹೆಚ್ಚುಕಡಿಮೆ ಇವನ್ನೇ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸುವುದು ನನ್ನ ಕೆಲಸ. ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆ ನಿರ್ಧರಿಸಬೇಕಾದವರು ನಿಮ್ಮ ಹೃದ್ರೋಗ ತಜ್ಞರು.

‘ಸತ್ತ ಹೃದಯವನ್ನು ಬದುಕಿಸುವ ಇಂಜೆಕ್ಷನ್’ ಎಂಬ ವಿಡಿಯೊ ಮೊಬೈಲ್‌ಗೆ ಬಂದಿದೆ. ನಿಜವೇ?

ಇಂಜೆಕ್ಷನ್ ಇರುವುದು ನಿಜ, ಬದುಕಿಸುತ್ತದೆ ಎನ್ನುವುದು ಸುಳ್ಳು. ಹೃದಯಾಘಾತದಲ್ಲಿ ಹಾಳಾದ ಭಾಗಕ್ಕೆ ದ್ರವರೂಪದ ಒಂದು ವಸ್ತುವನ್ನು ಚುಚ್ಚುತ್ತಾರೆ. ಒಳಗೆ ಹೋದ ಮೇಲೆ ಅದು ಗಟ್ಟಿಯಾಗಿ ಮೆತ್ತನೆಯ ಜೆಲ್ ಆಗುತ್ತದೆ. ತೆಳುವಾಗುತ್ತಿರುವ ಹೃದಯದ ಗೋಡೆಗೆ ಆಸರೆ ಕೊಡಬೇಕು, ಸಾಧ್ಯವಾದರೆ ಸುತ್ತಲಿನ ಅಂಗಾಂಶದ ದುರಸ್ತಿಗೆ ನೆರವಾಗಬೇಕು ಎಂಬುದು ಅದರ ಉದ್ದೇಶ. ಸುಮಾರು ಎರಡು ದಶಕಗಳಿಂದ ಪ್ರಯೋಗಾಲಯಗಳಲ್ಲಿ ಈ ಕೆಲಸ ನಡೆದಿದೆ. ಮನುಷ್ಯರ ಮೇಲೂ ಕೆಲವು ಪ್ರಯೋಗಗಳಾಗಿವೆ. ಸತ್ತ ಸ್ನಾಯು ಎದ್ದು ಮತ್ತೆ ಬಡಿದ ಉದಾಹರಣೆ ಅವುಗಳಲ್ಲಿ ಇಲ್ಲ.

ಕಲಬುರಗಿಯಲ್ಲಿ ಸಿಗುತ್ತದೆಯೇ? ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಹೋದರೆ ಹಾಕುತ್ತಾರೆಯೇ?

ಇಲ್ಲ. ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ಮಾರಾಟಕ್ಕೆ ಬಂದಿಲ್ಲ.

ಹಾಗಾದರೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಾಕಾನಿಗೆ ‘ಹೃದಯದ ಇಂಜೆಕ್ಷನ್’ ಕೊಟ್ಟರಲ್ಲ, ಅದೇನು?

ಅದು ಬೇರೆಯೇ ಔಷಧ, ಮತ್ತು ಈ ಪುಟದಲ್ಲಿರುವ ಎಲ್ಲ ಜೆಲ್‌ಗಳಿಗಿಂತ ಇಂದು ನಿಮಗೆ ಹೆಚ್ಚು ಬೇಕಾದದ್ದು. ಟೆನೆಕ್ಟಿಪ್ಲೇಸ್ ಎಂದು ಅದರ ಹೆಸರು. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಅದು ಕರಗಿಸುತ್ತದೆ. ಎದೆನೋವು ಶುರುವಾದ 12 ಗಂಟೆಗಳೊಳಗೆ ಕೊಡಬಹುದು, ಮೊದಲ ಮೂರು ಗಂಟೆಗಳಲ್ಲಿ ಕೊಟ್ಟರೆ ಲಾಭ ತುಂಬ ಹೆಚ್ಚು. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅದನ್ನು ದೊಡ್ಡ ಹೃದ್ರೋಗ ಕೇಂದ್ರಕ್ಕೆ ಕಳುಹಿಸಿ, ಆಘಾತ ಖಚಿತವಾದರೆ ಈ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ.

ನಮ್ಮ ಭಾಗಕ್ಕೆ ಇದರ ಬೆಲೆ ಏನೆಂದು ದಾರಿಯ ಲೆಕ್ಕ ಹಾಕಿದರೆ ತಿಳಿಯುತ್ತದೆ. ಮುಚ್ಚಿದ ನಾಳವನ್ನು ನೇರವಾಗಿ ಬಲೂನು, ಸ್ಟೆಂಟ್ ಹಾಕಿ ತೆರೆಯುವುದೇ ಉತ್ತಮ ಚಿಕಿತ್ಸೆ. ಆದರೆ ಅದು ಎರಡು ಗಂಟೆಗಳೊಳಗೆ ಆಗುವಂತಿರಬೇಕು. ಯಾದಗಿರಿಯಿಂದ ಕಲಬುರಗಿಗೆ ಸುಮಾರು 80 ಕಿಲೋಮೀಟರ್, ಬೀದರ್‌ನಿಂದ 110ರ ಮೇಲೆ. ಹುಣಸಗಿ, ಔರಾದ್ ಕಡೆಯ ಹಳ್ಳಿಯವರಾದರೆ ದಾರಿಯಲ್ಲೇ ಎರಡು ಗಂಟೆ ಮುಗಿಯುತ್ತದೆ. ಅಂಥವರಿಗೆ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಂಜೆಕ್ಷನ್, ಆಮೇಲೆ 3ರಿಂದ 24 ಗಂಟೆಗಳೊಳಗೆ ಕ್ಯಾಥ್ ಲ್ಯಾಬ್ (ನಾಳ ನೋಡಿ ಸ್ಟೆಂಟ್ ಹಾಕುವ ಕೊಠಡಿ) ಇರುವಲ್ಲಿ ಆಂಜಿಯೋಗ್ರಾಂ, ಇದೇ ಸರಿಯಾದ ಕ್ರಮ. ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಹೊಸ ಕಟ್ಟಡ ಬಂದಿದೆ. (ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ನೇ ಜೆ ವಿಧಿಯ ನೆನಪಿಗೆ ಅಷ್ಟೇ ಹಾಸಿಗೆ ಇಟ್ಟಿದ್ದಾರೆ. ಹಾಸಿಗೆಯ ಲೆಕ್ಕಕ್ಕೂ ಸಂವಿಧಾನಕ್ಕೂ ಗಂಟು ಹಾಕಿದ ಊರು ನಮ್ಮದು.)

ಇಷ್ಟೆಲ್ಲ ಇದ್ದೂ ‘ಗ್ಯಾಸ್ ಆಗಿರಬೇಕು’ ಎಂದು ಸೋಡಾ ಕುಡಿಸಿ, ಓಮ ತಿನ್ನಿಸಿ, ಬೆಳಗಾಗಲಿ ನೋಡೋಣ ಎಂದು ಕುಳಿತು ಕಳೆದ ಗಂಟೆಗಳನ್ನು ಯಾವ ಜೆಲ್ಲೂ ತುಂಬಿಕೊಡಲಾರದು.

ಸ್ಟೆಂಟ್ ಹಾಕಿ ರಕ್ತ ಹರಿಯುವಂತೆ ಮಾಡಿದ ಮೇಲೂ ಅಪ್ಪನ ಹೃದಯ ದುರ್ಬಲವಾಗಿದೆ ಎನ್ನುತ್ತಾರೆ. ಯಾಕೆ?

ಸ್ಟೆಂಟ್ ನಾಳವನ್ನು ತೆರೆಯುತ್ತದೆ. ನಾಳ ಮುಚ್ಚಿದ್ದ ಹೊತ್ತಿನಲ್ಲಿ ಸತ್ತ ಸ್ನಾಯುವನ್ನು ಅದು ಮರಳಿ ತರುವುದಿಲ್ಲ. ರಕ್ತ ನಿಂತ ಅರ್ಧ ಗಂಟೆಯ ಆಸುಪಾಸಿನಲ್ಲೇ ಕೋಶಗಳು ಸಾಯತೊಡಗುತ್ತವೆ. ಗೋಡೆಯ ಒಳಮೈಯಲ್ಲಿ ಶುರುವಾದ ಸಾವು ಹೊರಮೈಯತ್ತ ಹಬ್ಬುತ್ತ, ಆರರಿಂದ ಹನ್ನೆರಡು ಗಂಟೆಗಳಲ್ಲಿ ಬಹುಪಾಲು ಮುಗಿದುಹೋಗುತ್ತದೆ. ಆಘಾತ ದೊಡ್ಡದಾಗಿದ್ದರೆ ನೂರು ಕೋಟಿಯಷ್ಟು ಸ್ನಾಯುಕೋಶಗಳು ನಾಶವಾಗಬಹುದು. ಮೈಗೆಲ್ಲ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯಲ್ಲಿ ಒಟ್ಟು ಇರುವುದೇ 200ರಿಂದ 400 ಕೋಟಿ.

ಮುಂದಿನ ದಿನಗಳಲ್ಲಿ ರಕ್ತದ ಬಿಳಿಕಣಗಳು ಬಂದು ಸತ್ತದ್ದನ್ನು ತೆರವು ಮಾಡುತ್ತವೆ. ಆ ಒಂದೆರಡು ವಾರ ಗೋಡೆ ಬಹಳ ಮೆತ್ತಗಿರುತ್ತದೆ. ಆಮೇಲೆ ಕೊಲ್ಯಾಜೆನ್ ಎಂಬ ನಾರು ತುಂಬಿಕೊಂಡು ಗಟ್ಟಿ ಕಲೆಯಾಗುತ್ತದೆ. ಕಲೆ ಹರಿಯುವುದಿಲ್ಲ, ಸರಿ. ಆದರೆ ಅದು ಬಡಿಯುವುದೂ ಇಲ್ಲ. ಅದರ ಪಾಲಿನ ಕೆಲಸ ಉಳಿದ ಸ್ನಾಯುವಿನ ತಲೆಗೆ ಬೀಳುತ್ತದೆ. ತಿಂಗಳು, ವರ್ಷ ಕಳೆದಂತೆ ಗೋಡೆ ತೆಳುವಾಗಿ, ಕೋಣೆ ಹಿಗ್ಗಿ, ಹೃದಯ ತನ್ನ ಉದ್ದನೆಯ ಆಕಾರ ಬಿಟ್ಟು ಗುಂಡಗಾಗುತ್ತದೆ. ‘ಹೃದಯ ದೊಡ್ಡದಾಗಿದೆ’ ಎಂದು ವೈದ್ಯರು ಹೇಳುವುದು ಇದನ್ನೇ. ದೊಡ್ಡ ಹೃದಯ ಎಂದರೆ ಬಲವಾದ ಹೃದಯ ಎಂದುಕೊಂಡು ಸಮಾಧಾನಪಟ್ಟವರನ್ನೂ ಕಂಡಿದ್ದೇನೆ.

ಕೈ ಕೊಯ್ದುಕೊಂಡರೆ ಚರ್ಮ ಬೆಳೆಯುತ್ತದೆ. ಹೃದಯ ಯಾಕೆ ಬೆಳೆಯುವುದಿಲ್ಲ?

ಬೆಳೆಯುತ್ತದೆ, ಆದರೆ ಇಷ್ಟು ದೊಡ್ಡ ನಷ್ಟಕ್ಕೆ ಅದು ಯಾವ ಮೂಲೆಗೂ ಸಾಲದು. ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ಅವರ ತಂಡ 2009ರಲ್ಲಿ ಇದನ್ನು ಅಳೆದ ರೀತಿ ಜಾಣತನದ್ದು. 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿ, ಆಮೇಲೆ ವರ್ಷವರ್ಷವೂ ಇಳಿಯುತ್ತ ಬಂತು. ಕೋಶ ಹುಟ್ಟಿದಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಪ್ರಮಾಣ ದಾಖಲಾಗಿಬಿಡುತ್ತದೆ. ಅದನ್ನು ಓದಿ ಕೋಶದ ವಯಸ್ಸು ಹೇಳಬಹುದು. 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ 1ರಷ್ಟು, 75ರಲ್ಲಿ ಶೇ 0.45ರಷ್ಟು ಹೃದಯಸ್ನಾಯು ಕೋಶಗಳು ಮಾತ್ರ ಹೊಸದಾಗುತ್ತವೆ ಎಂದು ಗೊತ್ತಾಯಿತು. ಒಂದೇ ರಾತ್ರಿಯಲ್ಲಿ ಕಾಲುಭಾಗ ಕಳೆದುಕೊಂಡ ಹೃದಯ ಈ ವೇಗದಲ್ಲಿ ಯಾವಾಗ ತುಂಬಿಕೊಳ್ಳಬೇಕು?

ಒಂದಿಷ್ಟು ಜೆಲ್ ತುಂಬಿದರೆ ಗೋಡೆಗೆ ಹೇಗೆ ಆಸರೆ ಸಿಗುತ್ತದೆ?

ಹಳ್ಳಿಯ ಹಳೆಯ ಮಣ್ಣಿನ ಗೋಡೆಯನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಒಂದು ಕಡೆ ನೆನೆದು ಸವೆದರೆ ಅಲ್ಲಿ ಗೋಡೆ ಉಬ್ಬುತ್ತದೆ. ಉಬ್ಬಿದಷ್ಟೂ ಮಾಳಿಗೆಯ ಭಾರ ಪಕ್ಕದ ಗಟ್ಟಿ ಭಾಗದ ಮೇಲೆ ಬಿದ್ದು ಅದೂ ಬಿರುಕು ಬಿಡುತ್ತದೆ. ಸವೆದ ಜಾಗವನ್ನು ಮೆತ್ತಿ ದಪ್ಪ ಮಾಡಿದರೆ ಪಕ್ಕದ್ದು ಉಳಿಯುತ್ತದೆ. ಹೃದಯದಲ್ಲಿ ಭಾರದ ಜಾಗದಲ್ಲಿ ರಕ್ತದ ಒತ್ತಡವಿದೆ, ಅಷ್ಟೇ ವ್ಯತ್ಯಾಸ. ಲೆಕ್ಕ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಹೆಸರಿನದು: ಒಳಗಿನ ಒತ್ತಡ ಮತ್ತು ಕೋಣೆಯ ತ್ರಿಜ್ಯ ಹೆಚ್ಚಾದಂತೆ ಗೋಡೆಯ ಮೇಲಿನ ಎಳೆತ ಏರುತ್ತದೆ, ಗೋಡೆಯ ದಪ್ಪ ಹೆಚ್ಚಾದಂತೆ ಇಳಿಯುತ್ತದೆ. ಹಿಗ್ಗಿದ ಹೃದಯದಲ್ಲಿ ತ್ರಿಜ್ಯ ಜಾಸ್ತಿ, ದಪ್ಪ ಕಡಿಮೆ. ಎರಡೂ ಕಡೆಯಿಂದ ಪೆಟ್ಟು. ಎಳೆತ ಹೆಚ್ಚಿದರೆ ಇನ್ನಷ್ಟು ಹಿಗ್ಗುತ್ತದೆ, ಹಿಗ್ಗಿದರೆ ಎಳೆತ ಇನ್ನಷ್ಟು ಹೆಚ್ಚುತ್ತದೆ. ಈ ಸುತ್ತನ್ನು ಎಲ್ಲಿಯಾದರೂ ತುಂಡರಿಸಬೇಕೆಂದು ಹೊರಟವರು ಜೆಲ್ ಕೈಗೆತ್ತಿಕೊಂಡರು.

ಆದರೆ ದಪ್ಪ ಮಾಡಿದರೆ ಸಾಕೇ? ಅಮೆರಿಕದ ಸ್ಯಾನ್ ಡಿಯಾಗೊದ ಕ್ಯಾರೆನ್ ಕ್ರಿಸ್ಟ್‌ಮನ್ ಅವರ ಪ್ರಯೋಗಾಲಯ ಇದನ್ನು ನೇರವಾಗಿಯೇ ಕೇಳಿನೋಡಿತು. ದೇಹದೊಂದಿಗೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದ ಜಡವಾದ ಜೆಲ್ಲನ್ನು ಇಲಿಗಳ ಹೃದಯಕ್ಕೆ ಚುಚ್ಚಿದರು. ಗೋಡೆ ದಪ್ಪವಾಯಿತು, ಹೃದಯ ಹಿಗ್ಗುವುದು ಮಾತ್ರ ನಿಲ್ಲಲಿಲ್ಲ. ಆ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಈ ಕ್ಷೇತ್ರದಲ್ಲಿ ನನಗೆ ಬಹಳ ಹಿಡಿಸಿದ ಕೆಲಸ ಅದು, ಯಾಕೆಂದರೆ ತಮ್ಮದೇ ಹುಮ್ಮಸ್ಸಿಗೆ ತಾವೇ ಲಗಾಮು ಹಾಕಿಕೊಂಡರು. ಜೆಲ್ ಜಾಗ ತುಂಬಿದರೆ ಸಾಲದು, ಕೋಶಗಳೊಂದಿಗೆ ಮಾತನಾಡಬೇಕು ಎಂಬ ಕಡೆಗೆ ಯೋಚನೆ ತಿರುಗಿತು.

ಅದನ್ನು ಯಾವುದರಿಂದ ಮಾಡುತ್ತಾರೆ?

ಹಲವು ವಸ್ತುಗಳಿವೆ. ಮನುಷ್ಯರ ತನಕ ಬಂದು ಹೆಚ್ಚು ಸುದ್ದಿಯಾದವು ಎರಡು.

ಮೊದಲನೆಯದು ಆಲ್ಜಿನೇಟ್, ಸಮುದ್ರದ ಕಂದು ಪಾಚಿಯಿಂದ ತೆಗೆದದ್ದು. ನಿಮಗೆ ಇದರ ಪರಿಚಯ ಇದ್ದೇ ಇದೆ. ಹಲ್ಲಿನ ಸೆಟ್ ಮಾಡಿಸಲು ಹೋದಾಗ ದಂತ ವೈದ್ಯರು ನೀರಲ್ಲಿ ಕಲಸಿ, ತಟ್ಟೆಯಲ್ಲಿಟ್ಟು ಬಾಯಿಗೆ ಒತ್ತುವ ಬಣ್ಣದ ಹಿಟ್ಟು ಇದೇ. ಎರಡು ನಿಮಿಷದಲ್ಲಿ ರಬ್ಬರಾಗಿ ಹಲ್ಲಿನ ಅಚ್ಚು ಸಮೇತ ಹೊರಬರುತ್ತದೆ. ಅದನ್ನು ಗಟ್ಟಿ ಮಾಡುವುದು ಕ್ಯಾಲ್ಸಿಯಂ. ಇಸ್ರೇಲಿನ ಸ್ಮದಾರ್ ಕೋಹೆನ್ ಮತ್ತು ಜೊನಾಥನ್ ಲಿಯೋರ್ ಇದೇ ಗುಣವನ್ನು ಹೃದಯಕ್ಕೆ ಬಳಸಿದರು. ಸ್ವಲ್ಪವೇ ಕ್ಯಾಲ್ಸಿಯಂ ಬೆರೆಸಿದ ಆಲ್ಜಿನೇಟ್ ನೀರಾಗಿಯೇ ಇರುತ್ತದೆ. ಆಘಾತವಾದ ಜಾಗದ ಸಣ್ಣ ನಾಳಗಳು ಸೋರುತ್ತಿರುವುದರಿಂದ ಅದು ಅಲ್ಲಿ ಹೊರಗೆ ಇಳಿಯುತ್ತದೆ. ಸಾಯುತ್ತಿರುವ ಅಂಗಾಂಶದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿರುವ ಕಾರಣ ಅಲ್ಲೇ ಗಟ್ಟಿಯಾಗುತ್ತದೆ. ಕಾಗದದ ಮೇಲೆ ಇದಕ್ಕಿಂತ ಚಂದದ ಉಪಾಯ ಇನ್ನೊಂದಿಲ್ಲ.

ಎರಡನೆಯದು ಹಂದಿಯ ಹೃದಯಸ್ನಾಯುವಿನಿಂದ ಮಾಡಿದ್ದು. ಸ್ನಾಯುವನ್ನು ಸಣ್ಣಗೆ ಕತ್ತರಿಸಿ ಮಾರ್ಜಕದ ದ್ರಾವಣದಲ್ಲಿ ದಿನಗಟ್ಟಲೆ ಕಲಕುತ್ತಾರೆ. ಕೆಂಪು ಬಣ್ಣವೆಲ್ಲ ಬಿಟ್ಟು ತುಂಡುಗಳು ಬೆಳ್ಳಗಾಗುತ್ತವೆ. ಕೋಶಗಳು ಹೋಗಿ, ಅವುಗಳನ್ನು ಹಿಡಿದಿಟ್ಟಿದ್ದ ಕೊಲ್ಯಾಜೆನ್ ಮತ್ತಿತರ ಪ್ರೋಟೀನುಗಳ ಹಂದರ ಉಳಿಯುತ್ತದೆ. ಅದನ್ನು ಒಣಗಿಸಿ, ಪುಡಿಮಾಡಿ, ಪೆಪ್ಸಿನ್ ಎಂಬ ಜೀರ್ಣರಸದಲ್ಲಿ ಕರಗಿಸುತ್ತಾರೆ. ಸಿರಿಂಜಿನಲ್ಲಿರುವಾಗ ಅದು ದ್ರವ, 37 ಡಿಗ್ರಿಯ ಮೈಬಿಸಿ ತಾಗಿದರೆ ಜೆಲ್. ನಮ್ಮ ಮೇ ತಿಂಗಳಲ್ಲಿ ಫ್ರಿಜ್ಜಿನಿಂದ ಹೊರಗಿಟ್ಟರೆ ಮೇಜಿನ ಮೇಲೆಯೇ ಗಟ್ಟಿಯಾದೀತು. ಕ್ರಿಸ್ಟ್‌ಮನ್ ಅವರ ತಂಡದ ಈ ಜೆಲ್‌ಗೆ ವೆಂಟ್ರಿಜೆಲ್ ಎಂದು ಹೆಸರು.

ಇವಲ್ಲದೆ ಹೈಲುರಾನಿಕ್ ಆಮ್ಲ, ಫೈಬ್ರಿನ್, ಸೀಗಡಿ ಮತ್ತು ಏಡಿಯ ಚಿಪ್ಪಿನಿಂದ ಬರುವ ಕೈಟೋಸಾನ್, ಪೂರ್ತಿ ಕೃತಕವಾದ ಪಾಲಿಮರುಗಳು ಎಲ್ಲವೂ ಸಾಲಿನಲ್ಲಿವೆ.

ಹಂದಿಯದು ಎಂದರೆ ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ. ಆಗ?

ಈ ಪ್ರಶ್ನೆಯನ್ನು ಮುಸ್ಲಿಂ ಮನೆಗಳಿಂದಲೂ ಲಿಂಗಾಯತ ಮನೆಗಳಿಂದಲೂ ಕೇಳಿದ್ದೇನೆ. ಒಬ್ಬರು ದರ್ಗಾದ ಮಗ್ಗುಲಿನವರು, ಇನ್ನೊಬ್ಬರು ಶರಣಬಸವೇಶ್ವರ ಗುಡಿಯ ಮಗ್ಗುಲಿನವರು, ಸಂಕಟ ಒಂದೇ. ನಗುವ ಪ್ರಶ್ನೆ ಅಲ್ಲ ಇದು. ಚಿಕಿತ್ಸೆಗೆ ಒಪ್ಪಿಗೆ ಕೊಡುವಾಗ ವಸ್ತು ಎಲ್ಲಿಂದ ಬಂತೆಂದು ತಿಳಿಯುವುದು ರೋಗಿಯ ಹಕ್ಕು.

ಆದರೆ ಒಂದು ವಿಷಯ ಹೇಳಬೇಕು. ಹೃದಯಾಘಾತವಾದ ಹೊತ್ತಿನಲ್ಲಿ ಕೊಡುವ ಹೆಪಾರಿನ್ ಬಗೆಯ ಇಂಜೆಕ್ಷನ್‌ಗಳು ಬಹುಪಾಲು ಹಂದಿಯ ಕರುಳಿನಿಂದಲೇ ತಯಾರಾಗುತ್ತವೆ. ಬದಲಿ ಕವಾಟಗಳಲ್ಲಿ ಹಂದಿಯವೂ ಇವೆ, ದನದ ಹೃದಯದ ಹೊರಪೊರೆಯಿಂದ ಹೊಲಿದವೂ ಇವೆ. ಇವುಗಳ ಬಗ್ಗೆ ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಪ್ರಾಣ ಉಳಿಸಲು ಬೇರೆ ದಾರಿ ಇಲ್ಲದಿದ್ದರೆ ಬಳಸಬಹುದು ಎಂಬ ಅಭಿಪ್ರಾಯ ಅನೇಕ ಇಸ್ಲಾಮಿಕ್ ವಿದ್ವಾಂಸರದ್ದು. ನಿಮ್ಮ ಮನೆಯ ಹಿರಿಯರನ್ನು, ನೀವು ನಂಬುವ ಗುರುಗಳನ್ನು ಕೇಳಿ. ಜೆಲ್‌ನ ಮಟ್ಟಿಗೆ ಈಗಲೇ ತೀರ್ಮಾನಿಸುವ ಅವಸರ ಏನೂ ಇಲ್ಲ, ಪಾಚಿಯ ದಾರಿಯೂ ತೆರೆದೇ ಇದೆ.

ಹೃದಯದೊಳಗೆ ಹೇಗೆ ಚುಚ್ಚುತ್ತಾರೆ? ಎದೆ ಕೊಯ್ಯಬೇಕೇ?

ಮೂರು ದಾರಿಗಳಿವೆ. ಎಡ ಪಕ್ಕೆಲುಬುಗಳ ನಡುವೆ ಸಣ್ಣದಾಗಿ ಕೊಯ್ದು, ಬಡಿಯುತ್ತಿರುವ ಹೃದಯದ ಹೊರಮೈಗೆ ಕಣ್ಣಾರೆ ಕಂಡು ಚುಚ್ಚುವುದು ಒಂದು. ಆಂಜಿಯೋಗ್ರಾಂ ಮಾಡುವ ದಾರಿಯಲ್ಲೇ ಹೋಗಿ ಹೃದಯದ ರಕ್ತನಾಳದೊಳಗೆ ದ್ರವ ಬಿಡುವುದು ಇನ್ನೊಂದು.

ಮೂರನೆಯದು ಸ್ವಲ್ಪ ಕಸರತ್ತಿನದು. ತೊಡೆಯ ಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಮಹಾಪಧಮನಿಯ ಮೂಲಕ ಎಡ ಹೃತ್ಕುಕ್ಷಿಯೊಳಗೇ ಇಳಿಸುತ್ತಾರೆ. ಅದರ ತುದಿ ಒಳಗೋಡೆಯನ್ನು ಒಂದೊಂದು ಕಡೆ ಮುಟ್ಟಿ ಅಲ್ಲಿನ ವಿದ್ಯುತ್ ಸಂಕೇತವನ್ನೂ ಚಲನೆಯನ್ನೂ ದಾಖಲಿಸುತ್ತ ಹೋದಂತೆ ಪರದೆಯ ಮೇಲೆ ಬಣ್ಣದ ನಕಾಶೆ ಮೂಡುತ್ತದೆ. ಸತ್ತ ಜಾಗ ಒಂದು ಬಣ್ಣ, ಜೀವಂತ ಜಾಗ ಇನ್ನೊಂದು. ಎರಡರ ಗಡಿ ನೋಡಿಕೊಂಡು, ಕ್ಯಾತಿಟರಿನ ತುದಿಯಿಂದ ಕೆಲವೇ ಮಿಲಿಮೀಟರ್ ಸೂಜಿ ಹೊರಚಾಚಿ ಹನಿಯಷ್ಟು ಜೆಲ್ ಇಳಿಸಿ, ಸೂಜಿ ಒಳಗೆಳೆದುಕೊಂಡು, ಮುಂದಿನ ಜಾಗಕ್ಕೆ ಹೋಗುತ್ತಾರೆ. ಗೋಡೆ ತೀರ ತೆಳುವಿದ್ದಲ್ಲಿ ಚುಚ್ಚುವಂತಿಲ್ಲ, ಸೂಜಿ ಆಚೆ ಬದಿಗೆ ಬಂದೀತು. ರೋಗಿಗೆ ಎಚ್ಚರವಿರುವಾಗಲೇ ಇದನ್ನು ಮಾಡಬಹುದು.

ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿ ಏನಾಯಿತು?

ಇದನ್ನು ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ವಿಡಿಯೊಗಳು ಇಲ್ಲಿಗೆ ಬಂದಾಗ ಹಿನ್ನೆಲೆ ಸಂಗೀತ ಜೋರು ಮಾಡಿ ಮುಂದೆ ಹೋಗಿಬಿಡುತ್ತವೆ.

ರಕ್ತನಾಳದ ಮೂಲಕ ಬಿಡುವ ಆಲ್ಜಿನೇಟನ್ನು ಮೊದಲು 27 ರೋಗಿಗಳಿಗೆ ಕೊಟ್ಟು ನೋಡಿದರು, ತೊಂದರೆ ಕಾಣಲಿಲ್ಲ. ಆಮೇಲೆ ಪ್ರಿಸರ್ವೇಷನ್-1 ಎಂಬ ದೊಡ್ಡ ಪ್ರಯೋಗ ನಡೆಯಿತು. ದೊಡ್ಡ ಆಘಾತವಾಗಿ, ಯಶಸ್ವಿಯಾಗಿ ಸ್ಟೆಂಟ್ ಹಾಕಿಸಿಕೊಂಡ 303 ಮಂದಿ. ಆಘಾತದ ಎರಡರಿಂದ ಐದು ದಿನಗಳೊಳಗೆ ಮೂವರಲ್ಲಿ ಇಬ್ಬರಿಗೆ 4 ಮಿಲಿಲೀಟರ್ ಜೆಲ್ ದ್ರಾವಣ, ಉಳಿದವರಿಗೆ ಬರಿಯ ಲವಣದ ನೀರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ. ಆರು ತಿಂಗಳ ನಂತರ ಅಳೆದಾಗ ಹೃದಯ ಹಿಗ್ಗಿದ್ದರಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಆ ಚಂದದ ಉಪಾಯ ಅಲ್ಲಿಗೆ ನಿಂತಿತು.

ಆಗ್ಮೆಂಟ್-ಎಚ್‌ಎಫ್ ಎಂಬ ಪ್ರಯೋಗ ಬೇರೆ ಬಗೆಯದು. ಇಲ್ಲಿ ರೋಗಿಗಳು 78, ಎಲ್ಲರೂ ಹೃದಯ ವೈಫಲ್ಯ, ಅಂದರೆ ಹೃದಯ ಸಾಕಷ್ಟು ರಕ್ತ ತಳ್ಳಲಾರದ ಸ್ಥಿತಿ, ಮುಂದುವರಿದವರು. ಅರ್ಧದಷ್ಟು ಜನರಿಗೆ ಎದೆಯ ಪಕ್ಕ ಕೊಯ್ದು, ಹೃದಯದ ಗೋಡೆಯ ಸುತ್ತ 10ರಿಂದ 19 ಕಡೆ ತಲಾ 0.3 ಮಿಲಿಲೀಟರ್ ಆಲ್ಜಿನೇಟ್ ಚುಚ್ಚಿದರು. ಉಳಿದವರಿಗೆ ಔಷಧ ಮಾತ್ರ. ಆರು ತಿಂಗಳಲ್ಲಿ ಜೆಲ್ ಪಡೆದವರು ಹೆಚ್ಚು ದೂರ ನಡೆದರು, ವ್ಯಾಯಾಮದಲ್ಲಿ ಹೆಚ್ಚು ಆಮ್ಲಜನಕ ಬಳಸಬಲ್ಲವರಾದರು. 2015ರಲ್ಲಿ ಇದು ಒಳ್ಳೆಯ ಸುದ್ದಿಯಾಗಿ ಹೊರಬಂತು. ಆದರೆ ಶಸ್ತ್ರಚಿಕಿತ್ಸೆಗೆ ಒಳಗಾದ 35 ಮಂದಿಯಲ್ಲಿ ಮೂವರು ಮೊದಲ 30 ದಿನಗಳೊಳಗೆ ತೀರಿಕೊಂಡರು. ಅಲ್ಲದೆ ತನಗೆ ಕೊಯ್ದಿದ್ದಾರೆಯೇ ಇಲ್ಲವೇ ಎಂಬುದು ರೋಗಿಗೆ ಗೊತ್ತಿರುವಾಗ ನಡಿಗೆಯ ಹುಮ್ಮಸ್ಸಿನಲ್ಲಿ ಅದರ ಪಾಲು ಎಷ್ಟು?

ವೆಂಟ್ರಿಜೆಲ್ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಆಘಾತವಾಗಿ 60 ದಿನಗಳಿಂದ ಮೂರು ವರ್ಷಗಳಾಗಿದ್ದ 15 ರೋಗಿಗಳಿಗೆ ನಾನು ಮೇಲೆ ಹೇಳಿದ ನಕಾಶೆಯ ದಾರಿಯಲ್ಲಿ 18ರವರೆಗೆ ಚುಚ್ಚುಗಳು. ವಿಧಾನ ಸುರಕ್ಷಿತವಾಗಿಯೇ ನಡೆಯಿತು. ನಡಿಗೆಯ ದೂರ ಹೆಚ್ಚಿತು. ಆಘಾತವಾಗಿ ವರ್ಷ ದಾಟಿದವರಲ್ಲಿ ಹೃದಯದ ಗಾತ್ರ ತುಸು ಇಳಿದಂತೆಯೂ ಕಂಡಿತು. ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲವಾದ್ದರಿಂದ ಇದನ್ನು ಗೆಲುವು ಎನ್ನಲಾಗದು.

ಪ್ರಾಣಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಯಾಕೆ ಸೋಲುತ್ತದೆ?

ಇಲಿಯ ಹೃದಯದ ಗೋಡೆ ಒಂದೆರಡು ಮಿಲಿಮೀಟರ್, ನಮ್ಮದು ಹತ್ತರ ಆಸುಪಾಸು. ಪ್ರಯೋಗದ ಇಲಿ ಎಳೆಯದು, ಆರೋಗ್ಯವಂತ, ಅದಕ್ಕೆ ಸಕ್ಕರೆ ಕಾಯಿಲೆ ಇಲ್ಲ, ಗುಟ್ಕಾ ಗೊತ್ತಿಲ್ಲ. ಅದರ ನಾಳವನ್ನು ದಾರದಿಂದ ಕಟ್ಟಿರುತ್ತಾರೆ. ನಮ್ಮ ರೋಗಿಯದು ಇಪ್ಪತ್ತು ವರ್ಷ ಕೆಟ್ಟು ಮುಚ್ಚಿದ ನಾಳ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ಪ್ರಯೋಗಕ್ಕೆ ಸೇರಿದ ಮನುಷ್ಯರಿಗೆ ಸ್ಟೆಂಟ್ ಹಾಕಿ, ಹೃದಯ ಹಿಗ್ಗದಂತೆ ತಡೆಯುವ ಮಾತ್ರೆಗಳನ್ನೂ ಕೊಟ್ಟಿರುತ್ತಾರೆ. ಜೆಲ್ ಪಡೆಯದ ಗುಂಪೇ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಅದರ ಮೇಲೆ ಜೆಲ್ ಇನ್ನೇನನ್ನು ತೋರಿಸಬೇಕು? ಹಳೆಯ ಮಾತ್ರೆಗಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಸಿಗಲಾರದು.

ಅಪಾಯಗಳೇನು?

ಸೂಜಿ ಗೋಡೆ ದಾಟಿದರೆ ಹೃದಯದ ಸುತ್ತ ರಕ್ತ ತುಂಬಿಕೊಳ್ಳಬಹುದು. ಜೆಲ್‌ನ ತುಣುಕು ಸೋರಿ ರಕ್ತದಲ್ಲಿ ಸೇರಿದರೆ ಮಿದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು. ಸ್ನಾಯುವಿನ ನಡುವೆ ಗಡ್ಡೆಗಟ್ಟಿ ಕುಳಿತ ಜೆಲ್ ವಿದ್ಯುತ್ ಹರಿವಿಗೆ ಅಡ್ಡಬಂದು ಬಡಿತದ ತಾಳ ತಪ್ಪಿಸಬಹುದು. ಹೊರಗಿನ ವಸ್ತುವಿನ ವಿರುದ್ಧ ಉರಿಯೂತ ಏಳಬಹುದು.

ಇದು ಸ್ಟೆಮ್ ಸೆಲ್ ಚಿಕಿತ್ಸೆಯೇ? ಒಂದು ಕಡೆ ಕೆಲವು ಲಕ್ಷ ಕೇಳುತ್ತಿದ್ದಾರೆ.

ಅಲ್ಲ. ಸ್ಟೆಮ್ ಸೆಲ್ ಎಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಜೀವಂತ ಕೋಶ. ಈ ಜೆಲ್‌ಗಳಲ್ಲಿ ಜೀವಂತ ಕೋಶಗಳಿಲ್ಲ. ಜೆಲ್‌ನೊಳಗೆ ಕೋಶ ಸೇರಿಸಿ ಕೊಡುವ ಪ್ರಯತ್ನಗಳು ಬೇರೆ ಇವೆ. ಬರಿ ಕೋಶಗಳನ್ನು ಚುಚ್ಚಿದರೆ ಬಹುಪಾಲು ನಿಲ್ಲದೆ ಕೊಚ್ಚಿಹೋಗುತ್ತವೆ ಎಂಬ ಅನುಭವದಿಂದಲೇ ಅವು ಹುಟ್ಟಿದವು.

ಲಕ್ಷ ಕೇಳುವವರ ವಿಷಯ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಂಥ ಕೆಲವಕ್ಕೆ ಮಾಡುವ ಅಸ್ಥಿಮಜ್ಜೆ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಯೆಲ್ಲ ಅನುಮೋದಿತ ಪ್ರಯೋಗದೊಳಗೇ ನಡೆಯಬೇಕು. ಪ್ರಯೋಗದ ಔಷಧಕ್ಕೆ ರೋಗಿಯಿಂದ ಹಣ ವಸೂಲಿ ಮಾಡುವಂತಿಲ್ಲ. ಹೊಲ ಅಡವಿಟ್ಟು ಅಲ್ಲಿಗೆ ಹೋಗಬೇಡಿ. ಈ ವರ್ಷ ತೊಗರಿಗೆ ಬಂದ ದುಡ್ಡಿಗೆ ಮನೆಯಲ್ಲಿ ಬೇರೆ ಕೆಲಸವಿದೆ.

ಜೆಲ್‌ಗೆ ಎಷ್ಟು ಖರ್ಚಾಗುತ್ತದೆ?

ಮಾರಾಟಕ್ಕಿಲ್ಲದ ವಸ್ತುವಿಗೆ ದರ ಇರುವುದಿಲ್ಲ. ಯಾರಾದರೂ ದರ ಹೇಳಿದರೆ ಅವರ ಹೆಸರು ಬರೆದಿಟ್ಟುಕೊಳ್ಳಿ.

ಅಪ್ಪನನ್ನು ಪ್ರಯೋಗಕ್ಕೆ ಸೇರಿಸಬಹುದೇ?

ಭಾರತದಲ್ಲಿ ನಡೆಯುವ ಇಂಥ ಪ್ರತಿಯೊಂದು ಪ್ರಯೋಗವೂ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಮೊದಲೇ ದಾಖಲಾಗಬೇಕು. 2009ರ ಜೂನ್‌ನಿಂದ ಇದು ಕಡ್ಡಾಯ. ಅಲ್ಲಿ ಕಾಣದ ‘ಪ್ರಯೋಗ’ ಪ್ರಯೋಗವೇ ಅಲ್ಲ. ನೈತಿಕ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲೋ, ಉರ್ದುವಿನಲ್ಲೋ, ರೋಗಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು. ಓದುಬಾರದವರಿಗೆ ಪ್ರಯೋಗಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಓದಿಹೇಳಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು 2019ರ ನಿಯಮಗಳು ಹೇಳುತ್ತವೆ. ಯಾವ ಹಂತದಲ್ಲಾದರೂ ಕಾರಣ ಹೇಳದೆ ಹೊರಬರಬಹುದು, ಹಾಗೆ ಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ‘ಸಹಿ ಮಾಡಿ, ಆಮೇಲೆ ಹೇಳುತ್ತೇನೆ’ ಎಂದರೆ ಎದ್ದು ಬನ್ನಿ.

ಭಾರತದಲ್ಲಿ ಯಾರಾದರೂ ಈ ಕೆಲಸ ಮಾಡುತ್ತಿದ್ದಾರೆಯೇ? ತಂಗಿ ಬಿ.ಎಸ್ಸಿ. ಓದುತ್ತಿದ್ದಾಳೆ, ಆಸಕ್ತಿ ಇದೆ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಕಡೆ ನೋಡಲು ಹೇಳಿ. 1990ರಲ್ಲಿ ದೇಶದ ಮೊದಲ ಸ್ವದೇಶಿ ಕೃತಕ ಹೃದಯ ಕವಾಟ ಮಾಡಿದವರು ಅವರೇ. ಹಂದಿಯ ಪಿತ್ತಕೋಶದಿಂದ ಕೋಶಗಳನ್ನು ತೆಗೆದುಹಾಕಿ ಅವರು ಮಾಡಿದ ಹಂದರಕ್ಕೆ 2023ರಲ್ಲಿ ಚರ್ಮದ ಗಾಯಗಳ ಚಿಕಿತ್ಸೆಗೆ ಕೇಂದ್ರದ ಅನುಮೋದನೆ ಸಿಕ್ಕಿದೆ. ಅದೇ ವಸ್ತುವನ್ನು ಹೃದಯಾಘಾತದ ಹಾನಿಯ ವಿರುದ್ಧವೂ ಬಳಸಬಹುದೇ ಎಂದು ಅಲ್ಲಿನ ತಂಡ ನೋಡುತ್ತಿದೆ. ರಸಾಯನಶಾಸ್ತ್ರ, ಜೀವಶಾಸ್ತ್ರ ಯಾವುದರಿಂದಾದರೂ ಈ ಕ್ಷೇತ್ರಕ್ಕೆ ಬರಬಹುದು. ಗಣಿತ ಬಿಡಬಾರದು, ಲಾಪ್ಲಾಸ್ ಬೆನ್ನು ಬಿಡುವುದಿಲ್ಲ.

ಹೊಸದೇನು ನಡೆಯುತ್ತಿದೆ?

ಚುಚ್ಚುವ ಕೆಲಸವನ್ನೇ ಬಿಡುವ ಪ್ರಯತ್ನ. ಕ್ರಿಸ್ಟ್‌ಮನ್ ತಂಡ ಹಂದಿಯ ಹಂದರದ ದ್ರಾವಣದಿಂದ ದೊಡ್ಡ ಕಣಗಳನ್ನು ಬೇರ್ಪಡಿಸಿ, ರಕ್ತನಾಳಕ್ಕೇ ಬಿಡಬಹುದಾದ ತಿಳಿ ದ್ರಾವಣ ಮಾಡಿದೆ. ಅದು ಜಾಗ ತುಂಬುವುದಿಲ್ಲ. ಆಘಾತದಲ್ಲಿ ಬಿರುಕುಬಿಟ್ಟ ಸಣ್ಣ ನಾಳಗಳ ಒಳಮೈಗೆ ಅಂಟಿಕೊಂಡು ಸೋರಿಕೆ ಮುಚ್ಚುತ್ತದೆ, ಉರಿಯೂತ ತಗ್ಗಿಸುತ್ತದೆ. ಇಲಿ ಮತ್ತು ಹಂದಿಗಳಲ್ಲಿ ಫಲಿತಾಂಶ ಚೆನ್ನಾಗಿದೆ. ಪ್ರಾಣಿಗಳ ಗೆಲುವಿನ ಬಗ್ಗೆ ಮೇಲೆ ಬರೆದದ್ದನ್ನು ಇಲ್ಲಿಗೂ ಅನ್ವಯಿಸಿಕೊಳ್ಳಿ. ಆದರೂ ಗೋಡೆ ಹಾಳಾದ ಮೇಲೆ ಆಸರೆ ಕೊಡುವುದಕ್ಕಿಂತ ಹಾಳಾಗುವಾಗಲೇ ತಡೆಯುವ ಈ ದಾರಿಯ ಮೇಲೆ ನನಗೆ ಹೆಚ್ಚು ಭರವಸೆ.

ಅಪ್ಪನ ಇಎಫ್ 30 ಇದೆ. ಜೆಲ್ ಇಲ್ಲದಿದ್ದರೆ ಇಂದು ಏನು ಮಾಡಬೇಕು?

ಇಎಫ್ ಎಂದರೆ ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದ ಶೇಕಡಾ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಹೋಗುತ್ತದೆ ಎಂಬ ಲೆಕ್ಕ. 55ರಿಂದ 70 ಸಹಜ. 30 ಎಂದ ಕೂಡಲೇ ‘ಹೃದಯ ಮೂವತ್ತು ಪರ್ಸೆಂಟ್ ಮಾತ್ರ ಉಳಿದಿದೆ’ ಎಂದು ಬಂಧುಗಳಿಗೆಲ್ಲ ಫೋನ್ ಮಾಡಬೇಡಿ. ಅದು ಪರೀಕ್ಷೆಯ ಅಂಕವಲ್ಲ.

ಹೃದಯ ಹಿಗ್ಗುವುದನ್ನು ತಡೆಯುವ ನಾಲ್ಕು ಗುಂಪಿನ ಮಾತ್ರೆಗಳಿವೆ: ಮೆಟೊಪ್ರೊಲಾಲ್ ಅಥವಾ ಕಾರ್ವೆಡಿಲಾಲ್ ಬಗೆಯದು, ರಾಮಿಪ್ರಿಲ್ ಅಥವಾ ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಬಗೆಯದು, ಸ್ಪೈರೊನೊಲ್ಯಾಕ್ಟೋನ್ ಬಗೆಯದು, ಡಾಪಾಗ್ಲಿಫ್ಲೋಜಿನ್ ಬಗೆಯದು. ಕೊನೆಯದು ಸಕ್ಕರೆ ಕಾಯಿಲೆಯ ಮಾತ್ರೆ ಎಂದು ಅಂಗಡಿಯವರು ಹೇಳಿ ಬಿಡಿಸಿದ ಉದಾಹರಣೆಗಳಿವೆ. ಸಕ್ಕರೆ ಇಲ್ಲದವರಿಗೂ ಹೃದಯಕ್ಕಾಗಿ ಅದನ್ನು ಕೊಡುತ್ತಾರೆ. ಯಾರಿಗೆ ಯಾವುದು, ಎಷ್ಟು ಎಂಬುದು ರಕ್ತದೊತ್ತಡ ಮತ್ತು ಮೂತ್ರಪಿಂಡದ ಪರೀಕ್ಷೆ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಆಘಾತವಾಗಿ ಕನಿಷ್ಠ 40 ದಿನ ಕಳೆದು, ಮೂರು ತಿಂಗಳು ಮಾತ್ರೆ ಸರಿಯಾಗಿ ನುಂಗಿದ ಮೇಲೂ ಇಎಫ್ 35 ದಾಟದಿದ್ದರೆ, ಹಠಾತ್ ಸಾವು ತಡೆಯುವ ಐಸಿಡಿ ಉಪಕರಣದ ಮಾತು ಬರುತ್ತದೆ.

ನಮ್ಮ ಊರಿನ ಮಟ್ಟಿಗೆ ಎರಡು ಮಾತು. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ ಎಲ್ಲ ಒಳ್ಳೆಯದೇ, ಪಕ್ಕದ ಉಪ್ಪಿನಕಾಯಿ ಮತ್ತು ಹಪ್ಪಳದ ಉಪ್ಪು ಒಳ್ಳೆಯದಲ್ಲ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ದಾಟಬಾರದು. ಎರಡನೆಯದು ಬಿಸಿಲು. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟಿದಾಗ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ನೀರಿನಂಶ ಇಳಿದು ತಲೆಸುತ್ತು ಬರಬಹುದು. ಆಗ ತಾವೇ ಮಾತ್ರೆ ಬಿಡಬಾರದು, ಎರಡು ಕೊಡ ನೀರನ್ನೂ ಕುಡಿಯಬಾರದು. ಬೇಸಿಗೆ ಶುರುವಾಗುವ ಮೊದಲೇ ಹೋಗಿ ಪ್ರಮಾಣ ಬದಲಿಸಬೇಕೇ ಎಂದು ಕೇಳಿ. ದಿನವೂ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ.

ವರದಿ ಫೋಟೊ ಕಳುಹಿಸಿದರೆ ನೋಡಿ ಹೇಳುತ್ತೀರಾ?

ಇಲ್ಲ. ಫೋಟೊದಲ್ಲಿ ಅರ್ಧ ಹಾಳೆ ಕತ್ತರಿಸಿರುತ್ತದೆ, ಉಳಿದರ್ಧದ ಮೇಲೆ ಬೆರಳಿನ ನೆರಳು ಬಿದ್ದಿರುತ್ತದೆ. ಹೃದ್ರೋಗ ತಜ್ಞರ ಬಳಿ ಹೋಗುವಾಗ ಮೊದಲ ದಿನದ ಇಸಿಜಿ, ಡಿಸ್ಚಾರ್ಜ್ ಕಾರ್ಡ್, ಆಂಜಿಯೋಗ್ರಾಂನ ಸಿಡಿ, ಈವರೆಗಿನ ಎಲ್ಲ ಎಕೋ ವರದಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಇಷ್ಟನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಎಕೋದಲ್ಲಿ ಇಎಫ್ ಜೊತೆಗೆ ಎಡ ಹೃತ್ಕುಕ್ಷಿಯ ಅಳತೆ ಕಳೆದ ಸಲಕ್ಕಿಂತ ಹೆಚ್ಚಾಗಿದೆಯೇ, ಗೋಡೆ ತೆಳುವಾಗಿದೆಯೇ, ಒಳಗೆ ರಕ್ತ ಹೆಪ್ಪುಗಟ್ಟಿದೆಯೇ ಎಂಬ ಮೂರನ್ನು ಕೇಳಿ ತಿಳಿದುಕೊಳ್ಳಿ. ಚೀಲವನ್ನು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿಡಿ, 108 ಆಂಬುಲೆನ್ಸ್ ಬಂದಾಗ ಬೀರುವಿನ ಕೀಲಿ ಹುಡುಕುತ್ತ ನಿಲ್ಲುವಂತಾಗಬಾರದು.